ಹಡಗು ತರುವುದು ಸುಲಭ, ಜನರನ್ನು ಮನೆಗೆ ಕಳಿಸುವುದು ಕಷ್ಟ

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐದು ವರ್ಷಕ್ಕೊಮ್ಮೆ ಆಗಸ್ಟ್ ತಿಂಗಳಲ್ಲಿ ‘ಸೇಲ್’ ಎಂಬ ಹಡಗು ಹಬ್ಬ ನಡೆಯುತ್ತದೆ. 1975ರಲ್ಲಿ ಊರಿಗೆ 700 ವರ್ಷ ತುಂಬಿದಾಗ ಶುರುವಾದದ್ದು. ದೇಶದೇಶಗಳ ಹಾಯಿಹಡಗುಗಳು ಐಮೌಡನ್ ಬಳಿ ಸಮುದ್ರ ಬಿಟ್ಟು, ನಾರ್ತ್ ಸೀ ಕಾಲುವೆ ಹಿಡಿದು, ಊರಿನ ನಡುವೆ ಹರಡಿರುವ ‘ಐ’ ನೀರಿಗೆ ಮೆರವಣಿಗೆಯಲ್ಲಿ ಬರುತ್ತವೆ. ನಾನು ಕುಂದಾಪುರದ ಕಡೆಯವನು. ಇಲ್ಲಿ ಹೊಟ್ಟೆಪಾಡಿಗೆ ಮಾಡುವುದು ಜನಸಂಚಾರದ ಯೋಜನೆ. 2015 ಮತ್ತು 2025ರ ಹಬ್ಬಗಳಲ್ಲಿ ಜನರ ಓಡಾಟ ನೋಡಿಕೊಳ್ಳುವ ತಂಡಗಳಲ್ಲಿದ್ದೆ. ಅಲ್ಲಿ ಕಲಿತದ್ದು ಇಷ್ಟು.

1. ಒಟ್ಟು ತಲೆ ಎಣಿಕೆಯಿಂದ ಏನೂ ಆಗದು

2015ರಲ್ಲಿ ಸುಮಾರು 23 ಲಕ್ಷ ಜನ ಬಂದರು ಎಂಬುದು ಆಯೋಜಕರ ಲೆಕ್ಕ. ಆಗ ಊರಿನ ಜನಸಂಖ್ಯೆಯೇ ಎಂಟು ಲಕ್ಷ ಚಿಲ್ಲರೆ. ಪತ್ರಿಕೆಯ ತಲೆಬರಹಕ್ಕೆ, ಪ್ರಾಯೋಜಕರಿಗೆ ಇದು ಚಂದದ ಅಂಕಿ. ಆದರೆ ಇಂಥ ಲೆಕ್ಕದಲ್ಲಿ ಮೂರು ದಿನ ಬಂದವನು ಮೂರು ಸಲ ಸೇರಿಕೊಂಡಿರುತ್ತಾನೆ. ನನಗೆ ಬೇಕಾದದ್ದು ಬೇರೆ: ಊರೊಳಗಿನ ಜಾವಾ ದ್ವೀಪಕ್ಕೆ ಹೋಗುವ ಯಾನ್ ಶೆಫರ್ ಸೇತುವೆಯ ಮೇಲೆ ಈಗ, ಈ ನಿಮಿಷದಲ್ಲಿ, ಎಷ್ಟು ಜನ?

ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿ ಪ್ರಕಾರ, ಸಮತಟ್ಟಾದ ದಾರಿಯಲ್ಲಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಹುದು. ಐದು ಮೀಟರ್ ದಾರಿ ಎಂದರೆ 410. ಅದೂ ಯಾರೂ ನಿಲ್ಲದೆ ನಡೆದರೆ. ಹಡಗು ನೋಡಲು ಬಂದವರು ನಿಲ್ಲದೆ ನಡೆದಾರೆಯೇ? ಸೇತುವೆಯ ನೆತ್ತಿಗೆ ಬರುತ್ತಿದ್ದಂತೆ ಅಪ್ಪ ಮಗುವನ್ನು ಹೆಗಲಿಗೇರಿಸುತ್ತಾನೆ, ಅಮ್ಮ ಫೋನ್ ತೆಗೆಯುತ್ತಾಳೆ, ಹಿಂದಿನವರು ‘ಏನಿದೆ ಅಲ್ಲಿ’ ಎಂದು ತಾವೂ ನಿಲ್ಲುತ್ತಾರೆ. ಅರ್ಧ ನಿಮಿಷದಲ್ಲಿ ಸಾಲು ಇಪ್ಪತ್ತು ಮೀಟರ್ ಬೆಳೆದಿರುತ್ತದೆ. ಅತಿ ಇಕ್ಕಟ್ಟಿನ ಜಾಗವೇ ಅತಿ ಚಂದದ ನೋಟ ಸಿಗುವ ಜಾಗವೂ ಆಗಿರುವುದು ಬಂದರಿನ ಹಬ್ಬಗಳ ಶಾಪ. ನಮ್ಮ ಕಸುಬಿನಲ್ಲಿ ಇದಕ್ಕೊಂದು ಒರಟು ಉಪಾಯವಿದೆ. ಕಟಕಟೆಗೆ ಆಳೆತ್ತರದ ಬಟ್ಟೆ ಕಟ್ಟಿಬಿಡುವುದು. ಜನ ಬೈಯುತ್ತಾರೆ, ಆದರೆ ನಡೆಯುತ್ತಾರೆ.

2. ನೀರು ಅರ್ಧ ದಾರಿಯನ್ನು ನುಂಗಿರುತ್ತದೆ

ನಮ್ಮೂರ ತೇರಿನಲ್ಲಿ ನೂಕುನುಗ್ಗಲಾದರೆ ಜನ ಯಾವುದಾದರೂ ಓಣಿಗೆ, ಯಾರದೋ ಜಗಲಿಗೆ ಸರಿದುಬಿಡುತ್ತಾರೆ. ದಕ್ಕೆಯಲ್ಲಿ ಆ ಅವಕಾಶವಿಲ್ಲ. ಒಂದು ಮಗ್ಗುಲು ನೀರು, ಇನ್ನೊಂದು ಮಗ್ಗುಲು ಉಗ್ರಾಣ ಅಥವಾ ಬಹುಮಹಡಿ ಕಟ್ಟಡ. ಉಳಿದದ್ದು ಉದ್ದನೆಯ ಒಂದು ಪಟ್ಟಿ, ಅದರ ಎರಡು ತುದಿ. ಹಾಗಾಗಿ ಬರುವವರೂ ಹೋಗುವವರೂ ಎದುರಾಬದುರು ಆಗಲೇಬಾರದು. ಒಂದು ತುದಿಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ.

ಇದರಲ್ಲಿ ರಿಯಾಯಿತಿ ಕೇಳುವವರಿಗೆ ನಾನು ಡ್ಯೂಸ್‌ಬುರ್ಗ್ ನೆನಪಿಸುತ್ತೇನೆ. 2010ರ ಜುಲೈ 24ರಂದು ಜರ್ಮನಿಯ ಆ ಊರಿನ ಲವ್ ಪೆರೇಡ್ ಸಂಗೀತೋತ್ಸವದಲ್ಲಿ, ಬರುವ ಜನವೂ ಹೋಗುವ ಜನವೂ ಒಂದೇ ಇಳಿಜಾರು ದಾರಿಯಲ್ಲಿ ಸಿಕ್ಕಿಕೊಂಡು 21 ಮಂದಿ ಸತ್ತರು. ಅದು ಸಮುದ್ರದ ಹಬ್ಬವಲ್ಲ, ಆದರೆ ಗಣಿತ ಒಂದೇ. ಚದರ ಮೀಟರಿಗೆ ನಾಲ್ಕು ಜನ ಎನ್ನುವಾಗಲೇ ಹೊಸಬರನ್ನು ತಡೆಯಬೇಕು. ಐದಾರಕ್ಕೆ ಹೋದ ಮೇಲೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಕರಾವಳಿ ಉತ್ಸವ ನಡೆಯುವ ಕಾರವಾರದ ಟ್ಯಾಗೋರ್ ಕಡಲತೀರವನ್ನು ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಹೆದ್ದಾರಿ 66.

3. ಹಡಗಿಗೆ ಹಿತವಾದ ಊರು ಕಾಲಿಗೆ ಹಿತವಲ್ಲ

ಸಮುದ್ರದಿಂದ ಆಮ್‌ಸ್ಟರ್‌ಡ್ಯಾಮ್‌ನ ಸೆಂಟ್ರಲ್ ಸ್ಟೇಷನ್ನಿನ ಹಿಂಭಾಗದವರೆಗೆ ಹಡಗಿನ ದಾರಿಗೆ ಅಡ್ಡವಾಗಿ ಒಂದೂ ಸೇತುವೆಯಿಲ್ಲ. ಆದ್ದರಿಂದಲೇ ಐವತ್ತು ಮೀಟರ್ ಎತ್ತರದ ಹಾಯಿಕಂಬಗಳು ಊರಿನ ಎದೆಯವರೆಗೆ ಬರಬಲ್ಲವು. ಸೇತುವೆಯಿರುವ ಊರುಗಳಿಗೆ ಈ ಭಾಗ್ಯವಿಲ್ಲ. ಫ್ರಾನ್ಸಿನ ರುಆನ್ ಊರಲ್ಲಿ 1989ರಿಂದ ನಡೆಯುವ ‘ಅರ್ಮಾಡಾ’ ಹಬ್ಬಕ್ಕೆ ಹಡಗುಗಳು ಸೇನ್ ನದಿಯಲ್ಲಿ ಬರುತ್ತವೆ. ಅಲ್ಲಿ 2008ರಲ್ಲಿ ಕಟ್ಟಿದ ಗುಸ್ತಾವ್ ಫ್ಲೊಬೇರ್ ಸೇತುವೆಯ ರಸ್ತೆಯನ್ನೇ ಲಿಫ್ಟಿನಂತೆ ನೀರಿನಿಂದ 55 ಮೀಟರ್ ಮೇಲೆತ್ತಬಹುದು. ಎತ್ತುವ ಸೌಕರ್ಯವಿಲ್ಲದ ಸೇತುವೆಯ ಹತ್ತಿರ ಹಾಯಿಹಡಗು ನಿಲ್ಲಿಸಿದರೆ ಟಗ್ ಬೋಟು, ನೀರಿನ ಸೆಳೆತ, ಎಂಜಿನ್ ಮೂರೂ ಪ್ರತಿ ನಿಮಿಷ ಸರಿಯಿರಬೇಕು. ಮೆಕ್ಸಿಕೋ ನೌಕಾಪಡೆಯ ಹಾಯಿಹಡಗು ಕ್ವಾಟೆಮೋಕ್ 2025ರ ಮೇ 17ರ ರಾತ್ರಿ ನ್ಯೂಯಾರ್ಕ್ ದಕ್ಕೆಯಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಬ್ರೂಕ್ಲಿನ್ ಸೇತುವೆಗೆ ಬಡಿದು ಇಬ್ಬರು ತೀರಿಕೊಂಡರು. ಆಮ್‌ಸ್ಟರ್‌ಡ್ಯಾಮ್ ಹಬ್ಬಕ್ಕೆ ಆಗ ಮೂರೇ ತಿಂಗಳು ಬಾಕಿ.

ಆದರೆ ಹಡಗಿನ ದಾರಿಗೆ ಸೇತುವೆಯಿಲ್ಲದಿದ್ದರೆ ಜನ ‘ಐ’ ದಾಟುವುದು ಹೇಗೆ? ಕಾರಿಗೆ 1968ರ ಸುರಂಗವಿದೆ. ನಡೆಯುವವರಿಗೆ, ಸೈಕಲ್ಲಿನವರಿಗೆ ಸ್ಟೇಷನ್ ಹಿಂದಿನ ಪುಕ್ಕಟೆ ಫೆರ್ರಿ. ಹಡಗುಗಳ ಮೆರವಣಿಗೆ ಸಾಗುವಾಗ ಆ ಫೆರ್ರಿಗೆ ಅಡ್ಡ ಹಾಯಲು ಸಂದು ಸಿಗುವುದಿಲ್ಲ. ಅಂದರೆ ಜನ ಹೆಚ್ಚಾದ ಹೊತ್ತಿಗೆ ಸರಿಯಾಗಿ ದಾರಿ ಬಂದ್. 2015ಕ್ಕೂ 2025ಕ್ಕೂ ನಾನು ಕಂಡ ದೊಡ್ಡ ವ್ಯತ್ಯಾಸ ಹಬ್ಬದ ಯೋಜನೆಯದ್ದಲ್ಲ, 2018ರ ಜುಲೈಯಲ್ಲಿ ಶುರುವಾದ ಉತ್ತರ-ದಕ್ಷಿಣ ಮೆಟ್ರೊದ್ದು. ಅದು ನೀರಿನಡಿ ಹೋಗುತ್ತದೆ, ಮೇಲೆ ಯಾವ ಹಡಗು ಬಂದರೂ ಅದಕ್ಕೇನು. ಹಬ್ಬಕ್ಕೆಂದು ಕಟ್ಟಿದ್ದು ಹಬ್ಬದ ಜೊತೆ ಕಳಚಿಹೋಗುತ್ತದೆ. ದಿನನಿತ್ಯಕ್ಕೆಂದು ಕಟ್ಟಿದ್ದೇ ಹಬ್ಬಕ್ಕೂ ಆಗಿಬರುತ್ತದೆ.

4. ನೀರಿನ ಮೇಲೂ ಒಂದು ಜಾತ್ರೆ ಇರುತ್ತದೆ

ಮೆರವಣಿಗೆಯ ದಿನ ದೊಡ್ಡ ಹಡಗುಗಳ ಸುತ್ತ ಸಣ್ಣ ದೋಣಿಗಳು ಮುತ್ತಿಕೊಳ್ಳುತ್ತವೆ. ನೆದರ್ಲೆಂಡ್ಸ್‌ನಲ್ಲಿ 15 ಮೀಟರಿಗಿಂತ ಚಿಕ್ಕದಾದ, ಗಂಟೆಗೆ 20 ಕಿಲೋಮೀಟರಿಗಿಂತ ನಿಧಾನದ ಮೋಜಿನ ದೋಣಿ ನಡೆಸಲು ಪರವಾನಗಿ ಬೇಡ. ಹೀಗಾಗಿ ಚುಕ್ಕಾಣಿ ಹಿಡಿದವನಿಗೆ ದೋಣಿಯ ಪರಿಚಯ ಬೆಳಗ್ಗೆಯಷ್ಟೇ ಆಗಿರಬಹುದು, ಬಿಯರಿನ ಪರಿಚಯ ಹಳೆಯದು. ಎದುರಿಗೆ ಬರುವ ಹಾಯಿಹಡಗಿಗೆ ಬ್ರೇಕ್ ಇಲ್ಲ. ಇಲ್ಲಿ ನಡೆಯುವುದು ಒಂದೇ ಕಾಯಿದೆ: ಎಲ್ಲರೂ ಬಲಕ್ಕೆ. ಉಳಿದ ಹತ್ತು ಸೂಚನೆಗಳ ಕರಪತ್ರ ಸೀಟು ಒರೆಸಲು ಬಳಕೆಯಾಗುತ್ತದೆ.

5. ಅಲ್ಲೇ ಮನೆ ಇರುವವರು ಪಟ್ಟಿಯ ಮೊದಲಲ್ಲಿರಲಿ

ಹಬ್ಬದ ಹಡಗುಗಳು ತಂಗುವ ಐಹಾವನ್ ಹಿಂದೊಮ್ಮೆ ಬರೀ ಬಂದರು, ಈಗ ಸುತ್ತ ಸಾವಿರಾರು ಮನೆ. ನಿವಾಸಿಗಳಿಗೆ ಪಾಸು ಕೊಡುವುದು ಎಲ್ಲರಿಗೂ ಹೊಳೆಯುತ್ತದೆ. ಪಾಸಿಲ್ಲದ, ಆದರೆ ಬರಲೇಬೇಕಾದವರು ಹೊಳೆಯುವುದಿಲ್ಲ. ಮನೆಮನೆಗೆ ಹೋಗಿ ಮುದುಕರಿಗೆ ಇಂಜೆಕ್ಷನ್ ಕೊಡುವ ನರ್ಸು ಬ್ಯಾರಿಕೇಡ್ ಬಳಿ ಸೈಕಲ್ ಹಿಡಿದು ನಿಂತಿದ್ದಾಳೆ, ಕೈಯಲ್ಲಿ ಚೀಲ, ಕಣ್ಣು ಗಡಿಯಾರದ ಮೇಲೆ. ಕಾವಲು ಹುಡುಗನಿಗೆ ಆ ಬೆಳಗ್ಗೆಯಷ್ಟೇ ಕೆಲಸ ಸಿಕ್ಕಿದೆ. ಅವನ ಪಟ್ಟಿಯಲ್ಲಿ ಅವಳಿಲ್ಲ, ಅವನಿಗೆ ಮೇಲಿನವರ ನಂಬರ್ ಗೊತ್ತಿಲ್ಲ. ಅದಕ್ಕೇ ಪ್ರತಿ ಬ್ಯಾರಿಕೇಡಿಗೂ ಆ ಬಡಾವಣೆ ಬಲ್ಲ ಒಬ್ಬರನ್ನು ನಿಲ್ಲಿಸಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಅಂಚೆಯವರು, ಶಾಲೆ ಮೇಷ್ಟ್ರು, ಯಾರಾದರೂ ಸರಿ.

6. ಶೌಚಾಲಯ

ಎಷ್ಟು ಸಾಕು ಎಂದು ಅಂದಾಜಿಸುತ್ತೀರೋ ಅದರ ಎರಡರಷ್ಟು ಇಡಿ. ಹೆಂಗಸರಿಗೆ ಮೂರರಷ್ಟು.

7. ಕೊನೆಯ ಒಂದು ಗಂಟೆಗೆ ಅರ್ಧ ತಯಾರಿ

ಬರುವಾಗ ಜನ ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಹರಿದು ಬರುತ್ತಾರೆ. ಹೋಗುವುದು ಮಾತ್ರ ರಾತ್ರಿಯ ಪಟಾಕಿ ಮುಗಿದ ತಕ್ಷಣ, ಎಲ್ಲರೂ ಒಟ್ಟಿಗೆ, ಸೆಂಟ್ರಲ್ ಸ್ಟೇಷನ್ನಿನ ಕಡೆಗೆ. ರೈಲು ಹೆಚ್ಚಿಸಬಹುದು, ಪ್ಲಾಟ್‌ಫಾರ್ಮಿನ ಅಗಲ ಹೆಚ್ಚಿಸಲಾಗದು. ಆದ್ದರಿಂದ ಜನರನ್ನು ಬೇಗ ಕಳಿಸುವುದಲ್ಲ, ನಿಧಾನ ಮಾಡುವುದು ಜಾಣತನ. ಪಟಾಕಿ ಮುಗಿದ ಮೇಲೂ ಸಂಗೀತ ನಡೆಯಲಿ, ಆಲೂ ಫ್ರೈಸ್ ಅಂಗಡಿ ತೆರೆದಿರಲಿ, ಹಡಗುಗಳ ದೀಪ ಆರದಿರಲಿ. ಅಂಗಡಿಗಳನ್ನು ಹನ್ನೊಂದಕ್ಕೆ ಮುಚ್ಚಿಸಬೇಕೆಂಬ ಅಧಿಕಾರಿಗಳ ಜೊತೆ ನನ್ನ ಜಗಳ ಇಂದಿಗೂ ಮುಗಿದಿಲ್ಲ.

8. ಐದು ವರ್ಷ ಮರೆವಿಗೆ ಧಾರಾಳ ಸಾಕು

ಜರ್ಮನಿಯ ಕೀಲ್ ಊರಲ್ಲಿ 1882ರಲ್ಲಿ ಶುರುವಾದ ಹಾಯಿದೋಣಿ ಸಪ್ತಾಹ ಪ್ರತಿ ಜೂನ್‌ನಲ್ಲಿ ನಡೆಯುತ್ತದೆ. ಅಲ್ಲಿನ ಸಿಬ್ಬಂದಿಗೆ ಅದು ವಾರ್ಷಿಕ ಕೆಲಸ, ಹೋದ ವರ್ಷದ ಎಡವಟ್ಟು ಈ ವರ್ಷ ನೆನಪಿರುತ್ತದೆ. ಆಮ್‌ಸ್ಟರ್‌ಡ್ಯಾಮ್‌ಗೆ ಆ ಅನುಕೂಲವಿಲ್ಲ. ಮೇಲಿಂದ 2020ರ ಹಬ್ಬವನ್ನು ಕೊರೊನಾ ನುಂಗಿತು. ಅಷ್ಟರಲ್ಲಿ ಗೊತ್ತಿದ್ದವರು ನಿವೃತ್ತರಾಗಿದ್ದರು, ಇಲ್ಲವೇ ಬೇರೆ ಕೆಲಸ ಹಿಡಿದಿದ್ದರು. 2015ರಲ್ಲಿ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಕ್ಯಾಮೆರಾ, ವೈಫೈ ಸೆನ್ಸರ್‌ಗಳಿಂದ ಜನರ ಹರಿವನ್ನು ಅಳೆದಿದ್ದರು. ಆ ಅಂಕಿಗಳು ಉಳಿದಿವೆ. ಆದರೆ ಇಂಥ ತಿರುವಿನಲ್ಲಿ ಬ್ಯಾರಿಕೇಡನ್ನು ಎರಡನೇ ದಿನ ಯಾಕೆ ಹತ್ತು ಅಡಿ ಹಿಂದಿಟ್ಟರು ಎಂಬುದನ್ನು ಯಾವ ಸೆನ್ಸರೂ ಬರೆದಿಡುವುದಿಲ್ಲ. 2025ರಲ್ಲಿ ನಾನು ದಿನಾ ರಾತ್ರಿ ಪಾಳಿ ಮುಗಿಸಿ ಹೋಗುವವರನ್ನು ಹಿಡಿದು, ಏನು ಬದಲಾಯಿಸಿದಿರಿ, ಯಾಕೆ ಎಂದು ಕೇಳಿ ಬರೆದುಕೊಂಡೆ. ಸುಸ್ತಾದವರು ಗೊಣಗಿದರು, ಒಂದಿಬ್ಬರು ನಾಳೆ ಹೇಳುತ್ತೇವೆ ಎಂದು ಜಾರಿಕೊಂಡರು. ಸಿಕ್ಕಷ್ಟನ್ನು ನಕ್ಷೆಯ ಜೊತೆ ಹೊಲಿದು, ಮುಂದಿನ ಹಬ್ಬಕ್ಕೆ ಯಾರು ಬರುತ್ತಾರೋ ಅವರಿಗೆಂದು ಕಪಾಟಿನಲ್ಲಿ ಇಟ್ಟಿದ್ದೇನೆ.