ಕಾವಲುಗಾರನ ನಿದ್ದೆ



ನೀವು ಶಾಲೆಗೆ ಹೊರಡುವ ಹೊತ್ತಿಗೆ ಮುಂಬಯಿಯ ಕಟ್ಟಡಗಳ ಕಾವಲುಗಾರರು ರಾತ್ರಿಯ ಪಾಳಿ ಮುಗಿಸಿ ಮನೆಗೆ ತೆರಳುತ್ತಾರೆ. ಅವರು ಮಾಡಿದ್ದೇನು, ಬಾಗಿಲಲ್ಲಿ ಕುಳಿತಿದ್ದರಷ್ಟೆ ಎಂದು ನಾವು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ನಮ್ಮ ಮೆದುಳಿನಲ್ಲಿ ಒಂದು ಗಡಿಯಾರವುಂಟು. ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ಅದು ಹೊತ್ತನ್ನು ಸರಿಪಡಿಸಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸವು ಸ್ರವಿಸಿ ದೇಹವನ್ನು ನಿದ್ದೆಗೆ ಸಿದ್ಧಗೊಳಿಸುತ್ತದೆ, ರಕ್ತದೊತ್ತಡವು ಇಳಿಯುತ್ತದೆ. ಹಣ್ಣಿನ ನೊಣಗಳಲ್ಲಿ ಇಂತಹ ಗಡಿಯಾರದ ಗುಟ್ಟನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕಾವಲುಗಾರನು ಈ ಗಡಿಯಾರಕ್ಕೆ ಎದುರಾಗಿ ಬಾಳಬೇಕಾಗಿದೆ. ಹಗಲಿನ ಬೆಳಕು, ಬೀದಿಯ ಗದ್ದಲ, ಒಂದೇ ಕೋಣೆಯ ಮನೆ ಇವುಗಳ ನಡುವೆ ಅವನ ನಿದ್ದೆಯು ತುಂಡುತುಂಡಾಗುತ್ತದೆ.

ಎರಡನೆಯದು ಆತಂಕ. ಕಳ್ಳನು ಬಾರದಿದ್ದರೂ ಬಂದಾನೆಂದೇ ಎಚ್ಚರವಿರಬೇಕು. ಅಪಾಯವನ್ನು ಎದುರು ನೋಡುವ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳು ಹೆಚ್ಚಿ ಎದೆಬಡಿತವು ಏರುತ್ತದೆ. ಇದು ಕ್ಷಣಕಾಲವಿದ್ದರೆ ರಕ್ಷಣೆ. ವರುಷಗಟ್ಟಲೆ ನಡೆದರೆ ರೋಗಕ್ಕೆ ದಾರಿ. ಅಧಿಕ ರಕ್ತದೊತ್ತಡ, ಹೃದ್ರೋಗ, ಸಿಹಿಮೂತ್ರ, ಅಜೀರ್ಣ, ಮನಸ್ಸಿನ ಕುಗ್ಗುವಿಕೆ ಇವು ಇಂತಹ ದುಡಿಮೆಯವರಿಗೆ ಹೆಚ್ಚಾಗಿ ತಗಲುತ್ತವೆ. ಗಂಟೆಗಟ್ಟಲೆ ನಿಂತೇ ಇರುವವರ ಕಾಲಿನ ರಕ್ತನಾಳಗಳು ಉಬ್ಬುವುದೂ ಉಂಟು.

ಮಹಾರಾಷ್ಟ್ರ ಸರಕಾರವು 1981ರಲ್ಲಿಯೇ ಖಾಸಗಿ ಕಾವಲುಗಾರರ ಉದ್ಯೋಗ ಮತ್ತು ಕಲ್ಯಾಣಕ್ಕಾಗಿ ಕಾನೂನನ್ನು ಮಾಡಿತು. ಆದರೂ ಹನ್ನೆರಡು ಗಂಟೆಯ ಪಾಳಿಯಲ್ಲಿ ದುಡಿಯುವವರು ಇನ್ನೂ ಇದ್ದಾರೆ.

ಒಮ್ಮೆ ನನ್ನ ತರಗತಿಯ ಹುಡುಗನೊಬ್ಬನು ಪಾಠವನ್ನು ತಡವರಿಸುತ್ತ ಓದಿದನು. “ಮನೆಯಲ್ಲಿ ಗಟ್ಟಿಯಾಗಿ ಓದುವುದಿಲ್ಲವೇ?” ಎಂದು ಗದರಿದೆ. “ಇಲ್ಲ ಗುರುಗಳೇ, ಅಪ್ಪ ಮಲಗಿರುತ್ತಾರೆ” ಎಂದನು. ಅವನ ತಂದೆ ರಾತ್ರಿಯ ಕಾವಲುಗಾರರು. ಅಂದು ಪಾಠ ಕಲಿತವನು ನಾನು. ಮರುದಿನದಿಂದ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವನು ನನ್ನೆದುರು ಗಟ್ಟಿಯಾಗಿ ಓದತೊಡಗಿದನು.

ಮಕ್ಕಳೇ, ಅಂತಹ ತಂದೆ ನಿಮಗಿದ್ದರೆ ಹಗಲು ಕಿಟಕಿಗೆ ದಪ್ಪ ಪರದೆಯನ್ನು ಎಳೆಯಿರಿ, ಸದ್ದಡಗಿಸಿರಿ. ವರುಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಲು ಹೇಳಿರಿ. ನಿಮ್ಮ ಕಟ್ಟಡದ ಕಾವಲುಗಾರನಿಗೆ ಕುರ್ಚಿಯೂ ಕುಡಿಯುವ ನೀರೂ ಇವೆಯೇ ಎಂದು ನೋಡಿರಿ. ಊರಿನ ನಿದ್ದೆಯನ್ನು ಕಾಯುವವನ ನಿದ್ದೆಯನ್ನು ಕಾಯುವುದು ನಮ್ಮೆಲ್ಲರ ಕರ್ತವ್ಯ.