ಲಾಭದ ಜೊತೆ ಜವಾಬ್ದಾರಿಯೂ ಇರಲಿ



ನಮ್ಮ ಹಲವು ಸಂಘಗಳು ಉಳಿತಾಯ, ಸಾಲ ಇಷ್ಟಕ್ಕೇ ನಿಲ್ಲದೆ ಹಪ್ಪಳ, ಉಪ್ಪಿನಕಾಯಿ, ಫಿನಾಯಿಲ್, ಹೊಲಿಗೆ ಎಂದು ಸಣ್ಣ ಉದ್ದಿಮೆಗೆ ಕೈಹಾಕಿವೆ. ತಿಂಗಳ ಕೊನೆಗೆ "ಎಷ್ಟು ಉಳೀತು?" ಎಂದು ಎಲ್ಲರೂ ಕೇಳುತ್ತೇವೆ. "ಹೇಗೆ ಉಳೀತು?" ಎಂದು ಕೇಳುವುದು ಕಡಿಮೆ.

ದೊಡ್ಡ ಕಂಪೆನಿಗಳು ಈಗ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಷೇರುಪೇಟೆಯಲ್ಲಿರುವ ಅತಿ ದೊಡ್ಡ 1000 ಕಂಪೆನಿಗಳು ಪರಿಸರ, ಸಮಾಜ, ಆಡಳಿತ ಈ ಮೂರು ವಿಷಯಗಳಲ್ಲಿ ಪ್ರತಿವರ್ಷ ವರದಿ ಕೊಡುವುದನ್ನು ಸೆಬಿ ಸಂಸ್ಥೆ 2022-23ರಿಂದ ಕಡ್ಡಾಯ ಮಾಡಿದೆ. ಆ ನಿಯಮ ನಮ್ಮ ಸಂಘಗಳಿಗೆ ಇಲ್ಲ. ಆದರೆ ಆ ಮೂರು ಜವಾಬ್ದಾರಿಗಳು ನಮಗೂ ಇವೆ.

1. ಪರಿಸರ: ಫಿನಾಯಿಲ್ ಪಾತ್ರೆ ತೊಳೆದ ನೀರನ್ನು ಬಾವಿಯ ಹತ್ತಿರ ಚೆಲ್ಲಿದರೆ ಆ ನೀರು ಕುಡಿಯುವವರು ನಮ್ಮ ಮಕ್ಕಳೇ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ. ಅಡಿಕೆ ಹಾಳೆಯ ತಟ್ಟೆ ಮಾಡುವ ಸಂಘಕ್ಕೆ ಇದೇ ಒಂದು ದಾರಿ.

2. ಸಮಾಜ: ಕೆಲಸ ಮಾಡಿದವರಿಗೆ ತಕ್ಕ ಕೂಲಿ ಸಿಗುತ್ತಿದೆಯೇ? ಶಾಲೆ ಬಿಡಿಸಿ ಮಕ್ಕಳನ್ನು ಕೂರಿಸಿಲ್ಲ ತಾನೇ? ಕೊಳ್ಳುವವರ ಹೊಟ್ಟೆಯ ಬಗ್ಗೆಯೂ ಯೋಚಿಸಬೇಕು. ತಿಂಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ಹಾಕಬೇಕು.

3. ಆಡಳಿತ: ಇದು ನಮಗೆ ಹೊಸತಲ್ಲ. ಸಭೆ, ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ ಎಂಬ ಪಂಚಸೂತ್ರ ನಮಗೆ ಬಾಯಿಪಾಠ. ಉದ್ದಿಮೆಗೂ ಅದೇ ಸೂತ್ರ. ಖಾಲಿ ಚೆಕ್ಕಿಗೆ ಸಹಿ ಹಾಕಿಡುವುದು, "ಅಧ್ಯಕ್ಷರಿಗೆ ಗೊತ್ತುಂಟಲ್ಲ" ಎಂದು ಸುಮ್ಮನಿರುವುದು ಬೇಡ. ನಷ್ಟವಾದ ಸಂಘ ಮತ್ತೆ ಎದ್ದು ನಿಂತೀತು. ಒಬ್ಬರ ಮೇಲೊಬ್ಬರಿಗೆ ಸಂಶಯ ಹುಟ್ಟಿದ ಸಂಘ ಏಳುವುದು ಕಷ್ಟ.

ಲಿಜ್ಜತ್ ಹಪ್ಪಳದ ಹೆಸರು ಕೇಳದವರಿಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ಮಾಡಿ ಹಪ್ಪಳ ಲಟ್ಟಿಸಲು ಕುಳಿತರು. ಮೊದಲ ದಿನ ಆದದ್ದು ನಾಲ್ಕೇ ಕಟ್ಟು. ಇಂದು ಅಲ್ಲಿ ಸಾವಿರಾರು ಸದಸ್ಯರು. ದುಡಿಯುವವರೇ ಒಡೆಯರು, ಲಾಭವನ್ನೂ ನಷ್ಟವನ್ನೂ ಹಂಚಿಕೊಳ್ಳುತ್ತಾರೆ. ಸಂಸ್ಥೆ ಕಟ್ಟಿದ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

"ಇದನ್ನೆಲ್ಲ ಮಾಡಿದರೆ ಲಾಭ ಕಡಿಮೆಯಾಗಲ್ವಾ?" ಎಂದು ನೀವು ಕೇಳಬಹುದು. ನಿಜ, ಮೊದಲಿಗೆ ಖರ್ಚು ಸ್ವಲ್ಪ ಹೆಚ್ಚಾಗಬಹುದು. ಅದನ್ನು ಮುಚ್ಚಿಡದೆ ಲೆಕ್ಕ ಹಾಕಿ, ಎಲ್ಲರೂ ಕೂತು ಬೆಲೆ ನಿಗದಿ ಮಾಡೋಣ. ಒಂದು ಸಲ ಹಳಸಿದ ಸಾಮಾನು ಕೊಟ್ಟು ಕೆಟ್ಟ ಹೆಸರು ತಂದುಕೊಂಡರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಮುಂದಿನ ಸಭೆಯಲ್ಲಿ ಚರ್ಚಿಸಿ:

● ನಮ್ಮ ಉದ್ದಿಮೆಯ ಕಸ, ಕೊಳೆನೀರು ಎಲ್ಲಿಗೆ ಹೋಗುತ್ತದೆ?

● ಕಳೆದ ತಿಂಗಳ ಲೆಕ್ಕ ಎಷ್ಟು ಸದಸ್ಯರಿಗೆ ಗೊತ್ತು? ಓದಲು ಬಾರದ ಸದಸ್ಯರಿಗೆ ಅದನ್ನು ಯಾರು ಓದಿ ಹೇಳುತ್ತಾರೆ?

● ಈ ತಿಂಗಳು ನಾವು ಬದಲಾಯಿಸಬಹುದಾದ ಒಂದು ಅಭ್ಯಾಸ ಯಾವುದು?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಲು ಮರೆಯಬೇಡಿ.