ದೊಡ್ಡ ಟ್ರಾಕ್ಟರಿಗೆ ಸಣ್ಣ ಕೂರಿಗೆ: ಪಿನ್ನು, ಬುಶ್ಶಿನ ಲೆಕ್ಕ

ಕೆಂಪು ಮಣ್ಣಿನ ಹೊಲದಲ್ಲಿ ಮಳೆ ಬಿದ್ದ ಮೇಲೆ ಬಿತ್ತನೆಗೆ ಸಿಗೋದು ಮೂರೋ ನಾಲ್ಕೋ ದಿನದ ಹದ. ಆ ಹೊತ್ತಿಗೆ ಯಾರ ಟ್ರಾಕ್ಟರ್ ಸಿಕ್ಕಿತೋ ಅದೇ ನಮ್ಮದು. ಕೂರಿಗೆ ಒಬ್ಬರದು, ಟ್ರಾಕ್ಟರ್ ಇನ್ನೊಬ್ಬರದು. ಸಣ್ಣ ಟ್ರಾಕ್ಟರಿಗೆಂದು ಮಾಡಿಸಿದ ಕೂರಿಗೆಯನ್ನು ದೊಡ್ಡದಕ್ಕೆ ಸಿಕ್ಕಿಸಿದರೆ ಪಿನ್ನು ತೂತಿನಲ್ಲಿ ಗಡಗಡ ಅನ್ನುತ್ತೆ. ‘ಹೋಗ್ತದಲ್ಲ, ಹೊಡಿ’ ಅಂತಾರೆ ಡ್ರೈವರುಗಳು. ಹೋಗೋದೇನೋ ನಿಜ, ಸಾಲು ಬರಬೇಕಲ್ಲ!

ಹಿಂದಿನ ಮೂರು ಕೊಂಡಿಯ ಈ ಜೋಡಣೆ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಎಂಬಾತನ ಕೆಲಸ. 1939ರಲ್ಲಿ ಅಮೆರಿಕದ ಫೋರ್ಡ್ ಜತೆ ಸೇರಿ ಹೊರತಂದ ಟ್ರಾಕ್ಟರಿನಿಂದ ಅದು ಹೆಸರಾಯಿತು. ಆಮೇಲೆ ಅಳತೆಗಳನ್ನು ದರ್ಜೆ ಮಾಡಿದರು. ನಮಗೆ ಬೇಕಾದವು ಎರಡು. ಒಂದನೇ ದರ್ಜೆಯಲ್ಲಿ ಕೆಳಗಿನ ಪಿನ್ನು 22 ಮಿ.ಮೀ., ಮೇಲಿನ ಟಾಪ್ ಲಿಂಕಿನದು 19. ಎರಡನೇ ದರ್ಜೆಯಲ್ಲಿ ಕೆಳಗಿನದು 28, ಮೇಲಿನದು 25. ಟ್ರಾಕ್ಟರಿನ ಬಣ್ಣ, ಎಚ್.ಪಿ. ನೋಡಿ ಊಹೆ ಮಾಡಬೇಡಿ. ಅಳೆದು ನೋಡಿ.

ಅಳೆಯಲು ವರ್ನಿಯರ್ ಬೇಕಿಲ್ಲ. ಪಿನ್ನಿಗೆ ದಾರ ಒಂದು ಸುತ್ತು ಬಿಗಿಯಾಗಿ ಸುತ್ತಿ, ಬಿಚ್ಚಿ ಸ್ಕೇಲಿನ ಮೇಲೆ ಇಡಿ. ಸುಮಾರು 7 ಸೆಂ.ಮೀ. ಬಂದರೆ 22ರ ಪಿನ್ನು, 8.8 ಬಂದರೆ 28ರದು. ಶಾಲೆಯಲ್ಲಿ ಕಲಿತ ಇಪ್ಪತ್ತೆರಡು ಬೈ ಏಳು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

22ರ ಪಿನ್ನು 28ರ ತೂತಿಗೆ ಹೋದರೆ 6 ಮಿ.ಮೀ. ಸಡಿಲ. ಒಂದು ತೋಳಿನಲ್ಲಿ ಪಿನ್ನು ಮುಂದೆ, ಇನ್ನೊಂದರಲ್ಲಿ ಹಿಂದೆ ಆಡಿದರೆ ಕೂರಿಗೆ ಓರೆಯಾಗುತ್ತೆ. ಶೇಂಗಾಕ್ಕೆ ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇಟ್ಟಿರುತ್ತೇವೆ. ಒಂದು ಪಟ್ಟಿ ಮುಗಿಸಿ ಪಕ್ಕದ ಪಟ್ಟಿ ಹಿಡಿದಾಗ ಕೂಡು ಸಾಲಿನಲ್ಲಿ ಅಂತರ ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ ಆಗಿ ಕೂತಿರುತ್ತೆ. ಅದು ಗೊತ್ತಾಗೋದು ಬಿತ್ತಿದ ದಿನ ಅಲ್ಲ, ಎಡೆಕುಂಟೆ ಹೊಡೆಯುವಾಗ. ಕುಂಟೆ ಕಳೆಯ ಜತೆ ಬೆಳೆಯನ್ನೂ ಕೊಯ್ದುಕೊಂಡು ಹೋಗುತ್ತೆ. ಅಷ್ಟರಲ್ಲಿ ಟ್ರಾಕ್ಟರಿನವನು ಬಾಡಿಗೆ ಎಣಿಸಿಕೊಂಡು ಹೋಗಿರುತ್ತಾನೆ.

ಪರಿಹಾರ ಬುಶ್. ಒಳಗೆ 22, ಹೊರಗೆ 28. ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತೆ, ಇಲ್ಲವಾದರೆ ಲೇತಿನವರು ಕಡೆದು ಕೊಡುತ್ತಾರೆ. ಕೈಯಲ್ಲಿ ತಳ್ಳಿದರೆ ಹೋಗಬೇಕು, ಸುತ್ತಿಗೆ ಬೇಕಾಗಬಾರದು. ತಗಡು ಸುತ್ತುವುದು, ಪೈಪು ಸೀಳಿ ತುರುಕುವುದು ಇವೆಲ್ಲ ಹೊಲದಲ್ಲಿ ಬಹಳ ಹೊತ್ತು ನಿಲ್ಲಲ್ಲ. ಬುಶ್ಶನ್ನು ಪಿನ್ನಿಗೆ ವೆಲ್ಡಿಂಗ್ ಮಾಡಿಸಲೂ ಬೇಡಿ, ಗಟ್ಟಿ ಉಕ್ಕು ಕಾದ ಜಾಗದಲ್ಲೇ ಮುರಿಯಬಹುದು.

ಇನ್ನೊಂದು ವಿಷಯ ಹೆಚ್ಚಿನವರು ನೋಡೋದೇ ಇಲ್ಲ. ಅದು ಪಿನ್ನಿನ ಉದ್ದ. ಸಣ್ಣ ದರ್ಜೆಯ ತೋಳಿನ ಬಾಲ್ 35 ಮಿ.ಮೀ. ಅಗಲ, ದೊಡ್ಡದರದು 45. ಪಿನ್ನಿನಲ್ಲಿ ಲಾಕಿನ ತೂತು 39, 40 ಮಿ.ಮೀ. ದೂರದಲ್ಲಿದ್ದರೆ ದೊಡ್ಡ ಬಾಲ್ ಅದನ್ನು ಮುಚ್ಚಿಬಿಡುತ್ತೆ, ಲಾಕ್ ಹಾಕಲು ಜಾಗವೇ ಇರಲ್ಲ. ಆಗ ತಂತಿ ಕಟ್ಟಿ ಹೊರಡಬಾರದು. ರಸ್ತೆಯಲ್ಲಿ ಒಂದು ತೋಳು ಕಳಚಿದರೆ ಹಿಂದೆ ಬರುವ ಬೈಕಿನವನ ಗತಿ ಏನು? ಪಿನ್ನು ಕೂರಿಗೆಗೆ ನಟ್ಟಿನಿಂದ ಕೂತಿದ್ದರೆ ಬಿಚ್ಚಿ ಉದ್ದದ್ದು ಹಾಕಿ. ಎರಡೂ ಗಾತ್ರ ಇರುವ ಮೆಟ್ಟಿಲು ಪಿನ್ನೂ ಸಿಗುತ್ತೆ, ಅದಾದರೆ ಬುಶ್ಶಿನ ಗೊಡವೆಯೇ ಇಲ್ಲ.

ಅಗಲವೂ ಬೇರೆ. ಎರಡು ಪಿನ್ನುಗಳ ಬುಡದ ನಡುವೆ ಸಣ್ಣದರಲ್ಲಿ 683 ಮಿ.ಮೀ., ದೊಡ್ಡದರಲ್ಲಿ 825. ಅಂದರೆ ಒಂದೊಂದು ತೋಳೂ ಸುಮಾರು 7 ಸೆಂ.ಮೀ. ಒಳಗೆ ಬರಬೇಕು. ಪಕ್ಕದ ಸರಪಳಿ ಸಡಿಲಿಸಿ, ತೋಳು ಕೂರಿಸಿ, ಎರಡೂ ಕಡೆ ಟೈರಿನಿಂದ ತೋಳಿಗೆ ಸಮ ಅಂತರ ಬರುವ ಹಾಗೆ ಮತ್ತೆ ಬಿಗಿ ಮಾಡಿ. ಸರಪಳಿ ಸಡಿಲ ಬಿಟ್ಟರೆ ಬುಶ್ ಹಾಕಿಯೂ ಕೂರಿಗೆ ಅತ್ತಿತ್ತ ತೂಗಾಡುತ್ತೆ. ಒಂದು ಸಲ ಎತ್ತಿ ಇಳಿಸಿ ನೋಡಿ, ಎತ್ತಿದಾಗ ಸರಪಳಿ ಕಿತ್ತುಹೋಗುವಂತೆ ತುಯ್ಯಬಾರದು.

ಸಿಕ್ಕಿಸುವಾಗ ಮೊದಲು ಎಡತೋಳು, ಆಮೇಲೆ ಬಲ. ಎತ್ತರ ಹೊಂದಿಸುವ ಹಿಡಿ ಬಲಕ್ಕೇ ಇರುತ್ತಲ್ಲ, ಅದಕ್ಕೆ. ಟಾಪ್ ಲಿಂಕ್ ಕೊನೆಗೆ, ಅದಕ್ಕೂ ಬುಶ್ ಬೇಕು: ಒಳಗೆ 19, ಹೊರಗೆ 25. ನಡುವೆ ನಿಂತು ಪಿನ್ನು ಹಾಕೋದು ಸಾಮಾನ್ಯವಾಗಿ ನಮ್ಮ ಮನೆ ಹುಡುಗರೇ. ಅವರು ಹೊರಗೆ ಬರುವ ತನಕ ಡ್ರೈವರ್ ಲಿವರ್ ಮುಟ್ಟಬಾರದು, ಗೇರಿನಲ್ಲೂ ಇರಬಾರದು. ಇದನ್ನು ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಇದರ ತಿರುವುಮುರುವು, ಅಂದರೆ ದೊಡ್ಡ ಕೂರಿಗೆ ಸಣ್ಣ ಟ್ರಾಕ್ಟರಿಗೆ, ಬೇರೆ ಮಾತು. ಕೆಲವರು ಬಾಲಿನ ತೂತನ್ನೇ ದೊಡ್ಡದು ಮಾಡಿಸುತ್ತಾರೆ, ಆಗ ಬಾಲು ತೆಳ್ಳಗಾಗಿ ಒಡೆಯುತ್ತೆ. ಪಿನ್ನು ಬದಲಾಯಿಸಿದರೆ ಕೂರಬಹುದು. ಆದರೆ ಬೀಜ, ಗೊಬ್ಬರ ತುಂಬಿ ಎತ್ತಿದಾಗ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ. ಬದುವಿನ ಹತ್ತಿರ ಅದು ಪ್ರಾಣಕ್ಕೇ ಬರುತ್ತೆ. ನಾನಂತೂ ಒಪ್ಪಲ್ಲ.

ಬುಶ್ ಮೂರನ್ನೂ ಗ್ರೀಸ್ ಹಚ್ಚಿ, ತಂತಿಯಲ್ಲಿ ಪೋಣಿಸಿ ಕೂರಿಗೆಯ ಚೌಕಟ್ಟಿಗೇ ಕಟ್ಟಿಡಿ. ಮನೆಯಲ್ಲಿಟ್ಟರೆ ಮುಂದಿನ ಮುಂಗಾರಿಗೆ ಸಿಗಲ್ಲ.